ಒಂದು ಗುಂಪಿಗಲ್ಲ, ಐದು ಗುಂಪಿಗೆ ಬಂದೂಕು ಕೊಟ್ಟದ್ದು ಯಾಕೆ?

ಪಕ್ಕದ ದೇಶದ ಸರ್ಕಾರ ನಮಗೆ ಆಗಿಬರುವುದಿಲ್ಲ. ಅಲ್ಲಿ ಅದರ ವಿರುದ್ಧ ಹೋರಾಡುವ ಒಂದು ಗುಂಪು ಇದೆ. ಆ ಗುಂಪಿಗೆ ದುಡ್ಡು, ಬಂದೂಕು ಕೊಟ್ಟರು ಅಂದರೆ ಸರಿ-ತಪ್ಪು ಆಮೇಲಿನ ಮಾತು, ಲೆಕ್ಕವಂತೂ ಅರ್ಥವಾಗುತ್ತದೆ. ಆದರೆ ಒಬ್ಬರ ಮುಖ ಒಬ್ಬರು ನೋಡದ, ಒಬ್ಬರನ್ನೊಬ್ಬರು ಕೊಲ್ಲುತ್ತಿರುವ ನಾಲ್ಕೈದು ಗುಂಪುಗಳಿಗೆ ಒಂದೇ ದೇಶ ಒಂದೇ ಕಾಲಕ್ಕೆ ಶಸ್ತ್ರ ಕೊಡುವುದು ಯಾಕೆ? ಇರಾಕಿನಲ್ಲಿ ಇರಾನ್ ಹಾಗೆ ಮಾಡಿತು. ಅಫ್ಘಾನಿಸ್ತಾನದಲ್ಲಿ ಪಾಕಿಸ್ತಾನ ಮಾಡಿತು. ಶ್ರೀಲಂಕಾದಲ್ಲಿ ನಾವೇ ಮಾಡಿದೆವು.

ಈ ಮೂರರಲ್ಲಿ ಶ್ರೀಲಂಕಾದ ಕಥೆಯನ್ನೇ ಇಲ್ಲಿ ಜಾಸ್ತಿ ಹೇಳುತ್ತೇನೆ. ಬೇರೆಯವರ ತಪ್ಪಿನ ಬಗ್ಗೆ ನಾವು ದಿನಾ ಮಾತಾಡುತ್ತೇವೆ, ನಮ್ಮದರ ಬಗ್ಗೆ ಕಡಿಮೆ. ಇನ್ನೊಂದು ಕಾರಣ ನಾನಿರುವ ಊರು. ಬೆಳಗಾವಿ ಅಂದರೆ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವ ಊರು. ಸುತ್ತಲಿನ ತಾಲೂಕುಗಳಲ್ಲಿ, ಆಚೆ ಬಾಗಲಕೋಟೆ, ವಿಜಯಪುರದ ಕಡೆಯಲ್ಲೂ, ಮನೆಗೊಬ್ಬರಂತೆ ಸೇನೆಗೆ ಹೋದ ಹಳ್ಳಿಗಳಿವೆ. ದೆಹಲಿಯಲ್ಲಿ ಯಾರೋ ಗುಟ್ಟಾಗಿ ಹಾಕಿದ ಲೆಕ್ಕ ತಪ್ಪಿದರೆ ಅದನ್ನು ಸರಿಮಾಡಲು ಹೋಗುವವರು ಇಂಥ ಊರುಗಳ ಹುಡುಗರು. ಹಾಗಾಗಿ ಆ ಲೆಕ್ಕ ಏನಿತ್ತು ಅಂತ ಇಲ್ಲಿನ ಜನಕ್ಕೆ ತಿಳಿದಿರಬೇಕು.

ಮೊದಲು ಹಿನ್ನೆಲೆ, ಚುಟುಕಾಗಿ. ಶ್ರೀಲಂಕಾದಲ್ಲಿ 1956ರಲ್ಲಿ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡುವ ಕಾನೂನು ಬಂತು. ಎಪ್ಪತ್ತರ ದಶಕದಲ್ಲಿ ವಿಶ್ವವಿದ್ಯಾಲಯದ ಸೀಟು ಹಂಚುವ ನಿಯಮ ಬದಲಾಗಿ ತಮಿಳು ವಿದ್ಯಾರ್ಥಿಗಳಿಗೆ ಬಾಗಿಲು ಕಿರಿದಾಯಿತು. 1981ರಲ್ಲಿ ತಮಿಳರೇ ಹೆಚ್ಚಿರುವ ಉತ್ತರದ ಜಾಫ್ನಾ ನಗರದ ದೊಡ್ಡ ಗ್ರಂಥಾಲಯ ಸುಟ್ಟುಹೋಯಿತು. ಬೆಂಕಿ ಹಚ್ಚಿದವರಲ್ಲಿ ಪೊಲೀಸರೂ ಇದ್ದರು. 1983ರ ಜುಲೈನಲ್ಲಿ ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದ ಗುಂಪಾದ ಎಲ್‌ಟಿಟಿಇ ಹೊಂಚು ಹಾಕಿ 13 ಸೈನಿಕರನ್ನು ಕೊಂದಿತು. ಅದರ ಸೇಡು ಕೊಲಂಬೊದ ಸಾಮಾನ್ಯ ತಮಿಳರ ಮೇಲೆ ತೀರಿತು. ಮತದಾರರ ಪಟ್ಟಿ ಹಿಡಿದುಕೊಂಡು ತಮಿಳರ ಮನೆ ಯಾವುದು ಅಂತ ಹುಡುಕಿ ಸುಟ್ಟರು. ನೂರಾರು ಜನ ಸತ್ತರು. ಮುಂದಿನ ಕೆಲವು ವರ್ಷಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ತಮಿಳುನಾಡಿಗೆ ಬಂದರು. ತಮಿಳರ ನೋವು ನಿಜವಾದದ್ದು. ಅದಕ್ಕೆ ಭಾರತ ಕಿವಿಗೊಟ್ಟದ್ದರಲ್ಲಿ ತಪ್ಪಿಲ್ಲ. ತಪ್ಪಾದದ್ದು ಯಾವ ದಾರಿ ಹಿಡಿದೆವು ಅನ್ನುವುದರಲ್ಲಿ.

ಆಗ ಇಂದಿರಾ ಗಾಂಧಿ ಪ್ರಧಾನಿ. ದೆಹಲಿಗೆ ಎರಡು ಆತಂಕ ಇದ್ದವು. ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಅಮೆರಿಕದ ಕಡೆ ವಾಲುತ್ತಿದ್ದರು. ಇಸ್ರೇಲಿನಿಂದ, ಪಾಕಿಸ್ತಾನದಿಂದ ಸೇನಾ ನೆರವು ತರಿಸಿಕೊಳ್ಳುತ್ತಿದ್ದರು. ಟ್ರಿಂಕೋಮಲಿಯಂಥ ಬಂದರು ಬೇರೆಯವರ ಕೈಗೆ ಹೋದೀತು ಎಂಬ ಭಯ ನಮ್ಮವರಿಗೆ. ಇನ್ನೊಂದು ಆತಂಕ ತಮಿಳುನಾಡಿನದು. ಅಲ್ಲಿನ ಜನ ಸಿಟ್ಟಿಗೆದ್ದಿದ್ದರು. ಏನೂ ಮಾಡದೆ ಕೂತರೆ ದೆಹಲಿಯ ಮೇಲೆ ನಂಬಿಕೆ ಹೋಗುತ್ತಿತ್ತು.

ಹಾಗಂತ ಭಾರತಕ್ಕೆ ಈಳಂ ಎಂಬ ಪ್ರತ್ಯೇಕ ತಮಿಳು ದೇಶ ಬೇಕಿತ್ತಾ? ಖಂಡಿತ ಬೇಕಿರಲಿಲ್ಲ. ಭಾಷೆಯ ಹೆಸರಲ್ಲಿ ಪಕ್ಕದಲ್ಲೇ ಒಂದು ಹೊಸ ದೇಶ ಹುಟ್ಟಿದರೆ ನಾಳೆ ನಮ್ಮೊಳಗೇ ಆ ಮಾತು ಏಳಬಹುದು ಎಂಬ ಅಂಜಿಕೆ ಇತ್ತು. ದ್ರಾವಿಡನಾಡು ಎಂಬ ಪ್ರತ್ಯೇಕ ದೇಶದ ಬೇಡಿಕೆಯನ್ನು ಡಿಎಂಕೆ ಕೈಬಿಟ್ಟು ಆಗಿನ್ನೂ ಇಪ್ಪತ್ತು ವರ್ಷವಷ್ಟೇ ಆಗಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ವಿಷಯದ ಬೀಗದ ಕೈ ಇರುವುದು ಇಲ್ಲೇ. ಭಾರತಕ್ಕೆ ಬೇಕಾದದ್ದು ಕೊಲಂಬೊ ಮೇಲೆ ಒತ್ತಡ. ತಮಿಳು ಹೋರಾಟಗಾರರು ಜಯವರ್ಧನೆಯವರನ್ನು ಮಾತುಕತೆಯ ಮೇಜಿಗೆ ಎಳೆದು ತರುವಷ್ಟು ಬಲವಾಗಿರಬೇಕು. ಆದರೆ ಗೆದ್ದು ದೇಶ ಕಟ್ಟುವಷ್ಟು ಬಲವಾಗಬಾರದು. ಸೋಲಲೂ ಬಾರದು, ಗೆಲ್ಲಲೂ ಬಾರದು. ನಿಮ್ಮ ಗುರಿ ಇದಾದರೆ ಒಂದೇ ಗುಂಪನ್ನು ಸಾಕುವುದು ಅಪಾಯ. ಅದು ಬೆಳೆದರೆ ನಿಮ್ಮ ಮಾತು ಕೇಳುವುದಿಲ್ಲ. ಐದು ಗುಂಪುಗಳಿದ್ದರೆ ಯಾವುದೂ ತೀರಾ ಬೆಳೆಯುವುದಿಲ್ಲ. ಪ್ರತಿಯೊಂದೂ ಮುಂದಿನ ಕಂತಿಗೆ ನಿಮ್ಮ ಮುಖ ನೋಡುತ್ತದೆ.

1983ರಿಂದ ಭಾರತದ ಬೇಹುಗಾರಿಕೆ ಸಂಸ್ಥೆ ರಾ ತಮಿಳು ಯುವಕರಿಗೆ ತರಬೇತಿ ಶುರುಮಾಡಿತು. ಉತ್ತರದಲ್ಲಿ ಡೆಹ್ರಾಡೂನ್ ಕಡೆ, ದಕ್ಷಿಣದಲ್ಲಿ ತಮಿಳುನಾಡಿನಲ್ಲಿ ಶಿಬಿರಗಳು ನಡೆದವು. ಟೆಲೋ, ಇಪಿಆರ್‌ಎಲ್‌ಎಫ್, ಈರೋಸ್, ಪ್ಲೋಟ್, ಎಲ್‌ಟಿಟಿಇ ಎಂಬ ಐದು ದೊಡ್ಡ ಗುಂಪುಗಳು ಆಗ ಇದ್ದವು. ಇವು ಅಣ್ಣತಮ್ಮಂದಿರಂತೆ ಇರಲಿಲ್ಲ ಅಂತ ದೆಹಲಿಗೆ ಮೊದಲೇ ಗೊತ್ತಿತ್ತು. 1982ರ ಮೇ ತಿಂಗಳಲ್ಲೇ ಮದ್ರಾಸಿನ ಪಾಂಡಿ ಬಜಾರಿನಲ್ಲಿ, ಜನ ಓಡಾಡುವ ಹೊತ್ತಿನಲ್ಲಿ, ಎಲ್‌ಟಿಟಿಇಯ ಪ್ರಭಾಕರನ್ ಮತ್ತು ಪ್ಲೋಟ್ ಮುಖ್ಯಸ್ಥ ಉಮಾ ಮಹೇಶ್ವರನ್ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದರು. ಪೊಲೀಸರು ಇಬ್ಬರನ್ನೂ ಹಿಡಿದರು. ಮುಂದೆ ಇಬ್ಬರೂ ಹೊರಗೆ ಬಂದರು.

ಇವರ ಜಗಳ ದೆಹಲಿಗೆ ತೊಂದರೆಯಾಗಿ ಕಾಣಲಿಲ್ಲ, ಅನುಕೂಲವಾಗಿ ಕಂಡಿತು. ನಮ್ಮ ಕಡೆಯ ಒಂದು ವ್ಯವಹಾರ ನೆನಪಿಸಿಕೊಂಡರೆ ಇದು ಸಲೀಸಾಗಿ ಅರ್ಥವಾಗುತ್ತದೆ. ಕಬ್ಬಿನ ಹಂಗಾಮು ಶುರುವಾಗುವ ಮೊದಲೇ ಕಾರ್ಖಾನೆಯವರು, ಗುತ್ತಿಗೆದಾರರು ಕಬ್ಬು ಕಡಿಯುವ ಹಲವು ಗ್ಯಾಂಗುಗಳಿಗೆ ಅಡ್ವಾನ್ಸ್ ಕೊಡುತ್ತಾರೆ. ಒಂದೇ ಗ್ಯಾಂಗನ್ನು ನಂಬಿದರೆ ಅದರ ಮುಕಾದಮ ಹೇಳಿದ್ದೇ ರೇಟು. ನಾಲ್ಕು ಗ್ಯಾಂಗ್ ಇದ್ದರೆ ಒಂದು ಕೈಕೊಟ್ಟರೂ ಕೆಲಸ ನಿಲ್ಲುವುದಿಲ್ಲ, ಯಾರೂ ಜಾಸ್ತಿ ಕೇಳುವುದಿಲ್ಲ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಅಡ್ವಾನ್ಸ್ ತಗೊಂಡವನು ಇನ್ನೊಂದು ಕಾರ್ಖಾನೆಯಿಂದಲೂ ತಗೊಂಡರೆ? ಆಗ ಲಗಾಮು ಯಾರ ಕೈಯಲ್ಲಿದೆ ಅಂತ ಹೇಳುವುದು ಕಷ್ಟ. ಶ್ರೀಲಂಕಾದಲ್ಲಿ ಆದದ್ದು ಇದೇ. ವ್ಯತ್ಯಾಸ ಇಷ್ಟೇ, ಅಲ್ಲಿ ಕೈಯಲ್ಲಿದ್ದದ್ದು ಕೊಯ್ತಾ ಅಲ್ಲ, ಸ್ವಯಂಚಾಲಿತ ಬಂದೂಕು.

ಹಲವು ಗುಂಪುಗಳನ್ನು ಇಟ್ಟುಕೊಳ್ಳುವುದರಿಂದ ಬೇರೆ ಲಾಭಗಳೂ ಇರುತ್ತವೆ. ಒಂದು ಗುಂಪು ಏನು ಮಾಡುತ್ತಿದೆ ಅಂತ ಇನ್ನೊಂದು ಗುಂಪೇ ಬಂದು ಹೇಳುತ್ತದೆ. ಬೇಹುಗಾರಿಕೆಗೆ ಪ್ರತ್ಯೇಕ ಖರ್ಚಿಲ್ಲ. ಎಲ್ಲೋ ಕೊಲೆ ನಡೆದರೆ, ಬಸ್ಸಿಗೆ ಬಾಂಬ್ ಬಿದ್ದರೆ, ಅದು ನಮ್ಮ ಗುಂಪಲ್ಲ ಎಂದು ಕೈತೊಳೆದುಕೊಳ್ಳಬಹುದು. ಯಾರು ಗೆಲ್ಲುತ್ತಾರೋ ಗೊತ್ತಿಲ್ಲದಾಗ ಎಲ್ಲರ ಜೊತೆಗೂ ಮಾತು ಇಟ್ಟುಕೊಂಡಂತೆ ಆಗುತ್ತದೆ.

ಇದೆಲ್ಲ ಯಾರೋ ಒಬ್ಬ ಚಾಣಾಕ್ಷ ಕೂತು ಹಾಕಿದ ಯೋಜನೆ ಅಂತಲೂ ತಿಳಿಯಬೇಡಿ. ದೇಶ ಅಂದರೆ ಒಂದೇ ಕೈ ಅಲ್ಲ. ರಾ ಒಂದು ಕಡೆ ಎಳೆಯುತ್ತಿತ್ತು, ವಿದೇಶಾಂಗ ಇಲಾಖೆಯವರು ಸಂಧಾನದ ದಾರಿ ನೋಡುತ್ತಿದ್ದರು. ತಮಿಳುನಾಡಿನಲ್ಲಿ ಮುಖ್ಯಮಂತ್ರಿ ಎಂಜಿಆರ್ ಪ್ರಭಾಕರನ್‌ಗೆ ಬೆಂಬಲವಾಗಿ ನಿಂತರು, ಕೋಟಿಗಟ್ಟಲೆ ಹಣವನ್ನೂ ಕೊಟ್ಟರು. ಕರುಣಾನಿಧಿ ಟೆಲೋಗೆ ಹತ್ತಿರವಾಗಿದ್ದರು. ಅಂದರೆ ಚೆನ್ನೈನ ಎರಡು ಪಕ್ಷಗಳ ಪೈಪೋಟಿ ಸಮುದ್ರ ದಾಟಿ ಜಾಫ್ನಾದ ಬೀದಿಗೆ ಹೋಯಿತು. ಹೊರದೇಶದ ಗುಂಪುಗಳಿಗೆ ಬೆಂಬಲ ಕೊಡುವ ಯಾವ ದೇಶವನ್ನೇ ನೋಡಿ, ಒಳಗೆ ಇಂಥದ್ದೊಂದು ಮನೆಜಗಳ ಇದ್ದೇ ಇರುತ್ತದೆ. ಹೊರಗಿನಿಂದ ಕುತಂತ್ರದಂತೆ ಕಾಣುವುದರಲ್ಲಿ ಅರ್ಧದಷ್ಟು ಒಳಗಿನವರ ಎಳೆದಾಟವೇ ಆಗಿರುತ್ತದೆ.

ಇನ್ನು ಗುಂಪುಗಳ ಕಡೆಯಿಂದ ನೋಡೋಣ. ಅವರೇನು ದಡ್ಡರಲ್ಲ. ಭಾರತ ತಮಗೆ ಈಳಂ ಕೊಡಿಸುವುದಿಲ್ಲ ಅಂತ ಪ್ರಭಾಕರನ್‌ಗೆ ಮೊದಲೇ ಅನಿಸಿತ್ತು. ಹಾಗಾಗಿ ತರಬೇತಿ ತಗೊಂಡರು, ಆದರೆ ಅದನ್ನೇ ನಂಬಿ ಕೂರಲಿಲ್ಲ. ಹೊರದೇಶಗಳಿಗೆ ಹೋದ ತಮಿಳರಿಂದ ಹಣ ಎತ್ತುವ ಜಾಲ ಕಟ್ಟಿದರು. ಕೆ.ಪಿ. ಎಂದು ಹೆಸರಾದ ಕುಮಾರನ್ ಪದ್ಮನಾಥನ್ ಎಂಬುವವರ ಮೂಲಕ ಬೇರೆ ಬೇರೆ ದೇಶಗಳಲ್ಲಿ ಶಸ್ತ್ರ ಕೊಂಡರು. ಮುಂದೆ ಅವರದೇ ಹಡಗುಗಳು ಓಡಾಡಿದವು. ಟೆಲೋ ಹಾಗೆ ಮಾಡಲಿಲ್ಲ. ಭಾರತದ ಮಾತು ಕೇಳುವ ಗುಂಪು ಎಂದೇ ಅದಕ್ಕೆ ಹೆಸರು. ಭಾರತ ಕೊಟ್ಟದ್ದೇ ಅದರ ಬಲ.

ಯಾವ ಗುಂಪು ಲಗಾಮು ಕಿತ್ತುಕೊಳ್ಳುತ್ತದೆ ಅಂತ ತಿಳಿಯಬೇಕಾದರೆ ಅದರ ಸಿದ್ಧಾಂತ ಓದಬೇಕಾಗಿಲ್ಲ. ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡಿದರೆ ಸಾಕು. ಶ್ರೀಲಂಕಾ ಕಥೆಯಿಂದ ನಾನು ಕಲಿತದ್ದು ಇದನ್ನೇ.

1985ರಲ್ಲಿ ರಾಜೀವ್ ಗಾಂಧಿ ಸರ್ಕಾರ ಈ ಗುಂಪುಗಳನ್ನೆಲ್ಲ ಭೂತಾನದ ಥಿಂಫುವಿನಲ್ಲಿ ಮಾತುಕತೆಗೆ ಕೂರಿಸಿತು. ಅಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಮಾತಾಡಿದರು, ಆದರೆ ಮಾತುಕತೆ ಮುರಿದುಬಿತ್ತು. ಅದಾಗಿ ವರ್ಷ ತುಂಬುವ ಮೊದಲೇ, 1986ರ ಏಪ್ರಿಲ್ ಕೊನೆಯಲ್ಲಿ, ಎಲ್‌ಟಿಟಿಇ ಟೆಲೋ ಮೇಲೆ ಬಿತ್ತು. ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಟೆಲೋ ಹುಡುಗರು ಸತ್ತರು. ಅದರ ನಾಯಕ ಶ್ರೀ ಸಬಾರತ್ನಂ ಅವರನ್ನು ಮೇ ತಿಂಗಳಲ್ಲಿ ಕೊಂದರು. ವರ್ಷದ ಕೊನೆಗೆ ಇಪಿಆರ್‌ಎಲ್‌ಎಫ್ ಸರದಿ ಬಂತು. ಜಾಫ್ನಾದಲ್ಲಿ ಅದನ್ನೂ ಮುರಿದರು. ಸತ್ತವರೂ ತಮಿಳರು, ಕೊಂದವರೂ ತಮಿಳರು. ಎರಡೂ ಕಡೆಯವರಿಗೆ ಬಂದೂಕು ಹಿಡಿಯಲು ಕಲಿಸಿದವರು ಭಾರತದವರು.

ಐದು ಗುಂಪು ಇಟ್ಟುಕೊಂಡರೆ ಒಂದು ಇನ್ನೊಂದನ್ನು ಹಿಡಿತದಲ್ಲಿಡುತ್ತದೆ ಎಂಬ ಲೆಕ್ಕ ಅಲ್ಲಿಗೆ ಮುಗಿಯಿತು. ಒಂದು ಉಳಿದವನ್ನೆಲ್ಲ ನುಂಗಿಬಿಟ್ಟಿತ್ತು. ದೆಹಲಿಗೆ ಆಗ ಉಳಿದದ್ದು ಎರಡೇ ದಾರಿ. ಗೆದ್ದವನ ಜೊತೆ ಹೋಗುವುದು, ಇಲ್ಲವೇ ಅವನನ್ನು ಬಗ್ಗಿಸುವುದು. ಎರಡನ್ನೂ ಅರ್ಧರ್ಧ ಮಾಡಿತು. 1986ರ ನವೆಂಬರಿನಲ್ಲಿ ತಮಿಳುನಾಡು ಪೊಲೀಸರು ಗುಂಪುಗಳ ಶಸ್ತ್ರಗಳನ್ನು ವಶಪಡಿಸಿಕೊಂಡರು. ಅದೇ ತಿಂಗಳು ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ಇತ್ತು. ಜಯವರ್ಧನೆ ಅಲ್ಲಿಗೆ ಬಂದಿದ್ದರು. ಪ್ರಭಾಕರನ್ ಅವರನ್ನೂ ಬೆಂಗಳೂರಿಗೆ ಕರೆತಂದು ಒಪ್ಪಂದಕ್ಕೆ ಒಪ್ಪಿಸಲು ನೋಡಿದರು. ಅವರು ಒಪ್ಪಲಿಲ್ಲ. ಎರಡು ತಿಂಗಳಲ್ಲಿ ಭಾರತ ಬಿಟ್ಟು ಜಾಫ್ನಾಕ್ಕೆ ಹೊರಟುಹೋದರು.

1987ರ ಮೇ-ಜೂನ್‌ನಲ್ಲಿ ಶ್ರೀಲಂಕಾ ಸೇನೆ ವಡಮರಾಚ್ಚಿಯಲ್ಲಿ ದೊಡ್ಡ ಕಾರ್ಯಾಚರಣೆ ನಡೆಸಿತು. ಜಾಫ್ನಾ ಬೀಳುವ ಹಾಗೆ ಕಂಡಿತು. ಜೂನ್ 4ರಂದು ಬೆಂಗಳೂರಿನಿಂದ ಹಾರಿದ ನಮ್ಮ ಎಎನ್-32 ವಿಮಾನಗಳು, ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ, ಜಾಫ್ನಾ ಮೇಲೆ ಆಹಾರದ ಮೂಟೆಗಳನ್ನು ಹಾಕಿ ಬಂದವು. ಸೋಲಬಾರದು ಅನ್ನುವ ಅರ್ಧ ಲೆಕ್ಕ ಅದು. ಜಯವರ್ಧನೆಯವರಿಗೆ ಸಂದೇಶ ತಲುಪಿತು. ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ತಮಿಳು ಪ್ರದೇಶಗಳಿಗೆ ಪ್ರಾಂತೀಯ ಆಡಳಿತ, ಗುಂಪುಗಳಿಂದ ಶಸ್ತ್ರ ವಾಪಸ್, ಕಾಯಲು ಭಾರತೀಯ ಶಾಂತಿಪಾಲನಾ ಪಡೆ. ಅದರ ಜೊತೆಗೇ ಪತ್ರಗಳ ವಿನಿಮಯವೂ ಆಯಿತು. ಟ್ರಿಂಕೋಮಲಿ ಬಂದರನ್ನು ಭಾರತಕ್ಕೆ ತೊಂದರೆಯಾಗುವಂತೆ ಬೇರೆ ದೇಶದ ಸೇನೆಗೆ ಕೊಡುವುದಿಲ್ಲ ಎಂದು ಶ್ರೀಲಂಕಾ ಮಾತು ಕೊಟ್ಟಿತು. ನೋಡಿ, ದೆಹಲಿಗೆ ಮೊದಲಿನಿಂದ ಬೇಕಾಗಿದ್ದದ್ದು ಆ ಪತ್ರಗಳಲ್ಲಿ ಸಿಕ್ಕಿತ್ತು. ಗುಂಪುಗಳಿಗೆ ಬೇಕಾಗಿದ್ದದ್ದು ಒಪ್ಪಂದದಲ್ಲಿ ಇರಲಿಲ್ಲ. ಸಹಿ ಹಾಕಲು ಅವರನ್ನು ಯಾರೂ ಕರೆದಿರಲೂ ಇಲ್ಲ.

ಸಾಕಿದವನ ಗುರಿಯೇ ಬೇರೆ, ಸಾಕಿಸಿಕೊಂಡವನ ಗುರಿಯೇ ಬೇರೆ. ಯುದ್ಧ ನಡೆಯುತ್ತಿರುವಷ್ಟು ದಿನ ಇದು ಕಾಣುವುದಿಲ್ಲ. ಒಪ್ಪಂದದ ದಿನ ಬಯಲಾಗುತ್ತದೆ.

1987ರ ಅಕ್ಟೋಬರಿನಲ್ಲಿ ಭಾರತೀಯ ಸೇನೆ ಮತ್ತು ಎಲ್‌ಟಿಟಿಇ ನಡುವೆ ಯುದ್ಧ ಶುರುವಾಯಿತು. ಆಪರೇಷನ್ ಪವನ್ ಎಂದು ಅದರ ಹೆಸರು. ಜಾಫ್ನಾ ವಿಶ್ವವಿದ್ಯಾಲಯದ ಆವರಣಕ್ಕೆ ರಾತ್ರಿ ಹೆಲಿಕಾಪ್ಟರಿನಲ್ಲಿ ಇಳಿಸಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರ ತುಕಡಿಯಲ್ಲಿ 29 ಜನ ಸತ್ತರು. ಉಳಿದ ಒಬ್ಬರು ಸೆರೆಯಾದರು. ಜಾಫ್ನಾ ಕಡೆಗೆ ನುಗ್ಗಿದ ಪಡೆಗಳಲ್ಲಿ ನಮ್ಮ ಬೆಳಗಾವಿಯಲ್ಲಿ ತರಬೇತಾದ ಮರಾಠಾ ಲೈಟ್ ಇನ್‌ಫೆಂಟ್ರಿಯ ಯೋಧರೂ ಇದ್ದರು. ರಸ್ತೆಯುದ್ದಕ್ಕೂ ನೆಲಬಾಂಬು. ಯಾರು ನಾಗರಿಕ, ಯಾರು ಹೋರಾಟಗಾರ ಅಂತ ಗೊತ್ತಾಗುತ್ತಿರಲಿಲ್ಲ. ಶಾಂತಿ ಕಾಯಲು ಅಂತ ಕಳಿಸಿದ್ದವರನ್ನು ಯುದ್ಧಕ್ಕೆ ಇಳಿಸಿದ್ದರು. ಎದುರಿಗಿದ್ದವರಲ್ಲಿ ನಮ್ಮದೇ ಶಿಬಿರಗಳಲ್ಲಿ ಕಲಿತವರೂ ಇದ್ದರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ವಾಪಸ್ ಬರುವ ಹೊತ್ತಿಗೆ ಸುಮಾರು 1,200 ಭಾರತೀಯ ಸೈನಿಕರು ಸತ್ತಿದ್ದರು. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. ಎಷ್ಟೋ ಹೆಸರುಗಳು ಅವರವರ ಊರಿನಾಚೆ ಯಾರಿಗೂ ಗೊತ್ತಿಲ್ಲ.

ಅಲ್ಲಿನ ಜನ ಅನುಭವಿಸಿದ್ದನ್ನೂ ಹೇಳಬೇಕು. ಅದನ್ನು ಬಿಟ್ಟರೆ ಈ ಲೇಖನ ಸುಳ್ಳಾಗುತ್ತದೆ. 1987ರ ಅಕ್ಟೋಬರ್ 21ರಂದು ಭಾರತೀಯ ಸೈನಿಕರು ಜಾಫ್ನಾ ಆಸ್ಪತ್ರೆಗೆ ನುಗ್ಗಿದ ಮೇಲೆ ರೋಗಿಗಳು, ವೈದ್ಯರು, ನರ್ಸ್‌ಗಳು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಮನೆಗಳಲ್ಲಿ ಆ ನೆನಪು ಇಂದಿಗೂ ಇದೆ.

ಇಷ್ಟೆಲ್ಲ ಆದಮೇಲಾದರೂ ದೆಹಲಿ ಹಳೆಯ ದಾರಿ ಬಿಟ್ಟಿತಾ? ಇಲ್ಲ. ಎಲ್‌ಟಿಟಿಇ ವಿರುದ್ಧ ಇಪಿಆರ್‌ಎಲ್‌ಎಫ್ ಅನ್ನು ಮತ್ತೆ ಎತ್ತಿ ನಿಲ್ಲಿಸಿತು. ಅದರ ವರದರಾಜ ಪೆರುಮಾಳ್ ಈಶಾನ್ಯ ಪ್ರಾಂತ್ಯದ ಮುಖ್ಯಮಂತ್ರಿಯಾದರು. ನಮ್ಮ ಸೇನೆ ಹೊರಟ ಮೇಲೆ ಪ್ರಾಂತ್ಯ ಕಾಯಲಿ ಎಂದು ತಮಿಳ್ ನ್ಯಾಷನಲ್ ಆರ್ಮಿ ಎಂಬ ಪಡೆ ಕಟ್ಟಿಸಿತು. ಅದಕ್ಕೆ ಹುಡುಗರನ್ನು ಬಲವಂತದಿಂದ ಎಳೆದು ತಂದರು. ಭಾರತೀಯ ಸೇನೆ ಹಡಗು ಹತ್ತುತ್ತಿದ್ದಂತೆ ಆ ಪಡೆ ಕರಗಿಹೋಯಿತು. ನನಗೆ ಈ ಕಥೆಯಲ್ಲಿ ಅತಿ ಹೆಚ್ಚು ಸಂಕಟ ತರುವುದು ಈ ಭಾಗವೇ. ತಮ್ಮಷ್ಟಕ್ಕೆ ತಾವು ಶಾಲೆಗೆ ಹೋಗುತ್ತಿದ್ದ ಹುಡುಗರ ಕೈಗೆ ಬಂದೂಕು ಕೊಟ್ಟು, ಅವರ ವೈರಿ ಬರುವ ಹೊತ್ತಿಗೆ ಕೊಟ್ಟವರು ಹೊರಟುಹೋದರು.

ಅದೇ ಹೊತ್ತಿಗೆ ಕೊಲಂಬೊದಲ್ಲಿ ಇನ್ನೊಂದು ನಡೆಯಿತು. 1989ರಲ್ಲಿ ಅಧ್ಯಕ್ಷರಾದ ಪ್ರೇಮದಾಸ ಅವರಿಗೆ ಭಾರತೀಯ ಸೇನೆ ಹೋದರೆ ಸಾಕಾಗಿತ್ತು. ಅದಕ್ಕಾಗಿ ಅವರು ತಮ್ಮ ದೇಶವನ್ನೇ ಒಡೆಯಲು ಹೊರಟ ಎಲ್‌ಟಿಟಿಇಗೇ ಶಸ್ತ್ರ ಕೊಟ್ಟರು. ಭಾರತ ಐದು ವರ್ಷ ಆಡಿದ ಆಟವನ್ನು ಅವರು ಒಂದು ವರ್ಷ ಆಡಿದರು. ಪ್ರಭಾಕರನ್‌ಗೆ ಈಗ ಎರಡನೇ ಧಣಿ ಸಿಕ್ಕಿದ್ದರು. 1990ರ ಜೂನ್‌ನಲ್ಲಿ ಎಲ್‌ಟಿಟಿಇ ಶರಣಾದ ನೂರಾರು ಶ್ರೀಲಂಕಾ ಪೊಲೀಸರನ್ನು ಕೊಂದು ಮತ್ತೆ ಯುದ್ಧ ಶುರುಮಾಡಿತು. ಅದೇ ತಿಂಗಳು ಮದ್ರಾಸಿನಲ್ಲಿ ಇಪಿಆರ್‌ಎಲ್‌ಎಫ್ ನಾಯಕ ಪದ್ಮನಾಭ ಅವರನ್ನು ಸಂಗಡಿಗರ ಸಮೇತ ಕೊಂದಿತು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ. 1993ರ ಮೇ 1ರಂದು ಕೊಲಂಬೊದಲ್ಲಿ ಪ್ರೇಮದಾಸ. ಶಸ್ತ್ರ ಕೊಟ್ಟ ಎರಡೂ ದೇಶಗಳ ನಾಯಕರು ಅದೇ ಗುಂಪಿನ ಕೈಯಲ್ಲಿ ಸತ್ತರು. ರಾಜೀವ್ ಹತ್ಯೆಯ ಸೂತ್ರಧಾರಿ ಶಿವರಾಸನ್ ಕೊನೆಗೆ ಸತ್ತದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಒಂದು ಮನೆಯಲ್ಲಿ, ಪೊಲೀಸರು ಸುತ್ತುವರಿದಾಗ.

ಸಾಮಾನ್ಯವಾಗಿ ಮರೆತುಹೋಗುವ ಒಂದು ಸಾವು ಇನ್ನೂ ಇದೆ. 1977ರ ಚುನಾವಣೆಯಲ್ಲಿ ಟಿಯುಎಲ್‌ಎಫ್ ಎಂಬ ತಮಿಳು ಪಕ್ಷ 18 ಸೀಟು ಗೆದ್ದು ಶ್ರೀಲಂಕಾ ಸಂಸತ್ತಿನಲ್ಲಿ ಮುಖ್ಯ ವಿರೋಧಪಕ್ಷವಾಗಿತ್ತು. ಅದರ ನಾಯಕ ಅಮೃತಲಿಂಗಂ ಅವರನ್ನು 1989ರಲ್ಲಿ ಎಲ್‌ಟಿಟಿಇ ಅವರ ಮನೆಯಲ್ಲೇ ಕೊಂದಿತು. ಹೊರಗಿನ ದೇಶ ಬಂದೂಕು ಹಿಡಿದವರನ್ನು ಮಾತಿಗೆ ಕರೆಯಲು ಶುರುಮಾಡಿದರೆ ಓಟು ಪಡೆದವರಿಗೆ ಬೆಲೆ ಇರುವುದಿಲ್ಲ. ಎಷ್ಟೇ ಗುಂಪುಗಳಿದ್ದರೂ ಅವುಗಳ ಸಾಲಿನಲ್ಲಿ ಬಂದೂಕು ಇಲ್ಲದವನಿಗೆ ಜಾಗ ಸಿಗುವುದಿಲ್ಲ.

ಇಂಥ ಲೆಕ್ಕ ಹೊಸದೇನಲ್ಲ, ನಮ್ಮ ನೆಲಕ್ಕೆ ಚೆನ್ನಾಗಿಯೇ ಗೊತ್ತಿದೆ. ಬಹಮನಿ ರಾಜ್ಯ ಒಡೆದು ಹುಟ್ಟಿದ ವಿಜಯಪುರ, ಅಹಮದ್‌ನಗರ, ಗೋಲ್ಕೊಂಡದ ಸುಲ್ತಾನರು ಸದಾ ಜಗಳದಲ್ಲಿದ್ದರು. ವಿಜಯನಗರದ ಅಳಿಯ ರಾಮರಾಯ ಅದನ್ನು ಬಳಸಿಕೊಂಡ. ಒಮ್ಮೆ ಅಹಮದ್‌ನಗರದ ಜೊತೆ ಸೇರಿ ವಿಜಯಪುರದ ವಿರುದ್ಧ. ಇನ್ನೊಮ್ಮೆ ವಿಜಯಪುರದ ಅಲಿ ಆದಿಲ್ ಶಾಹನ ಜೊತೆ ಸೇರಿ ಅಹಮದ್‌ನಗರದ ವಿರುದ್ಧ. ಗೋಲ್ಕೊಂಡದಿಂದ ಓಡಿಬಂದ ಇಬ್ರಾಹಿಂ ಕುತುಬ್ ಶಾಹನಿಗೆ ವರ್ಷಗಟ್ಟಲೆ ಆಶ್ರಯ ಕೊಟ್ಟಿದ್ದ. ಯಾರೂ ಬಲವಾಗಬಾರದು, ಎಲ್ಲರೂ ತನ್ನ ಕಡೆ ನೋಡಬೇಕು. ಎರಡು ದಶಕ ಇದು ನಡೆಯಿತು. ಕೊನೆಗೆ ಸುಲ್ತಾನರು ಒಂದಾದರು. ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನ ಮಗಳು ಚಾಂದ್ ಬೀಬಿಯನ್ನು ಅಲಿ ಆದಿಲ್ ಶಾಹನಿಗೆ ಕೊಟ್ಟರು. ಬಹುಕಾಲ ಜಗಳಕ್ಕೆ ಕಾರಣವಾಗಿದ್ದ ಸೊಲ್ಲಾಪುರದ ಕೋಟೆ ಆ ಮದುವೆಯ ಬಳುವಳಿಯಾಯಿತು. 1565ರ ಜನವರಿಯಲ್ಲಿ ತಾಳಿಕೋಟೆ, ರಕ್ಕಸಗಿ-ತಂಗಡಗಿ ಎಂದು ನಾವು ಹೇಳುವ ಕೃಷ್ಣಾ ತೀರದ ಯುದ್ಧದಲ್ಲಿ ರಾಮರಾಯ ಸೆರೆಸಿಕ್ಕು ತಲೆ ಕಳೆದುಕೊಂಡ. ಓಡಿಬಂದಾಗ ಅವನು ಆಶ್ರಯ ಕೊಟ್ಟಿದ್ದ ಕುತುಬ್ ಶಾಹನೂ ಆ ದಿನ ಎದುರು ಸಾಲಿನಲ್ಲಿದ್ದ. ಅವರು ರಾಜರು, ಉಗ್ರ ಗುಂಪುಗಳಲ್ಲ, ನಿಜ. ಆದರೆ ಈ ಲೆಕ್ಕ ಹೇಗೆ ತಪ್ಪುತ್ತದೆ ಎಂಬುದಕ್ಕೆ ಎರಡು ಮಾದರಿ ಸಿಕ್ಕಂತಾಯಿತು. ಶ್ರೀಲಂಕಾದಲ್ಲಿ ಒಬ್ಬ ಉಳಿದವರನ್ನು ನುಂಗಿದ. ಕೃಷ್ಣಾ ತೀರದಲ್ಲಿ ವೈರಿಗಳು ಕೈಜೋಡಿಸಿದರು.

ಮೂರನೇ ಮಾದರಿ ಪಾಕಿಸ್ತಾನದ್ದು. ಎಂಬತ್ತರ ದಶಕದಲ್ಲಿ ಸೋವಿಯತ್ ಸೇನೆಯ ವಿರುದ್ಧ ಹೋರಾಡುವ ಅಫ್ಘಾನರಿಗಾಗಿ ಅಮೆರಿಕ, ಸೌದಿ ಅರೇಬಿಯಾ ಕೊಟ್ಟ ಹಣ, ಶಸ್ತ್ರ ಪಾಕಿಸ್ತಾನದ ಬೇಹುಗಾರಿಕೆ ಸಂಸ್ಥೆ ಐಎಸ್ಐ ಕೈಯಿಂದ ಹಾದುಹೋಗುತ್ತಿತ್ತು. ಪಾಕಿಸ್ತಾನ ಪೇಶಾವರದಲ್ಲಿ ಏಳು ಪಕ್ಷಗಳನ್ನು ಮಾತ್ರ ಮಾನ್ಯ ಮಾಡಿತು. ನೆರವು ಬೇಕಾದರೆ ಏಳರಲ್ಲಿ ಒಂದಕ್ಕೆ ಸೇರಬೇಕು. ಒಂದೇ ಅಫ್ಘಾನ್ ನಾಯಕತ್ವ ಎದ್ದುನಿಂತರೆ ಅದು ನಾಳೆ ಎರಡೂ ದೇಶಗಳ ನಡುವಿನ ಡ್ಯುರಾಂಡ್ ಗಡಿಯ ಪ್ರಶ್ನೆ ಎತ್ತೀತು, ಪಶ್ತೂನರ ನಾಡಿನ ಮಾತಾಡೀತು ಎಂಬ ಭಯ ಇಸ್ಲಾಮಾಬಾದಿಗೆ ಇತ್ತು. ಏಳರಲ್ಲಿ ದೊಡ್ಡ ಪಾಲು ಗುಲ್ಬುದ್ದೀನ್ ಹೆಕ್ಮತ್ಯಾರ್‌ಗೆ ಹೋಯಿತು. 1989ರಲ್ಲಿ ಸೋವಿಯತ್ ಸೇನೆ ಹೋಯಿತು, 1992ರಲ್ಲಿ ಸೋವಿಯತ್ ಬೆಂಬಲದಿಂದ ಬಂದಿದ್ದ ನಜೀಬುಲ್ಲಾ ಸರ್ಕಾರ ಬಿತ್ತು. ಆಮೇಲೆ ಆ ಗುಂಪುಗಳು ಕಾಬೂಲ್ ನಗರಕ್ಕಾಗಿ ತಮ್ಮಲ್ಲೇ ಹೊಡೆದಾಡಿ ಅದನ್ನು ಕಲ್ಲುರಾಶಿ ಮಾಡಿದವು. ಯಾರೂ ನುಂಗಲಿಲ್ಲ, ಯಾರೂ ಒಂದಾಗಲಿಲ್ಲ, ಊರೇ ಹೋಯಿತು. ಹೆಕ್ಮತ್ಯಾರ್ ಕೈಲಾಗುವುದಿಲ್ಲ ಅಂತ ಗೊತ್ತಾದ ಮೇಲೆ ಪಾಕಿಸ್ತಾನ 1994ರಿಂದ ತಾಲಿಬಾನ್ ಬೆನ್ನಿಗೆ ನಿಂತಿತು. 2007ರಲ್ಲಿ ಪಾಕಿಸ್ತಾನದೊಳಗೇ ಟಿಟಿಪಿ ಎಂಬ ಪಾಕಿಸ್ತಾನಿ ತಾಲಿಬಾನ್ ಹುಟ್ಟಿತು. 2014ರಲ್ಲಿ ಅದು ಪೇಶಾವರದ ಸೈನಿಕ ಶಾಲೆಯೊಂದಕ್ಕೆ ನುಗ್ಗಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದಿತು. 2021ರಲ್ಲಿ ಕಾಬೂಲಿಗೆ ಮರಳಿದ ತಾಲಿಬಾನ್ ಟಿಟಿಪಿಯನ್ನು ಹೊರಹಾಕಲಿಲ್ಲ. 2025ರ ಅಕ್ಟೋಬರಿನಲ್ಲಿ ಪಾಕಿಸ್ತಾನದ ಸೇನೆ ಮತ್ತು ತಾಲಿಬಾನ್ ಗಡಿಯಲ್ಲಿ ನೇರವಾಗಿ ಕಾದಾಡಿದವು. ಕಾಬೂಲಿನ ಗದ್ದುಗೆ ಸಿಕ್ಕಿದ ಮೇಲೆ ತೆರಿಗೆ, ಸುಂಕ ಎಲ್ಲ ತಾಲಿಬಾನ್ ಕೈಯಲ್ಲೇ ಇದೆ. ಹಾಗಿರುವಾಗ ಪಾಕಿಸ್ತಾನಿ ಸೇನೆಯ ಕೇಂದ್ರವಾದ ರಾವಲ್ಪಿಂಡಿಯ ಮಾತು ಯಾಕೆ ಕೇಳಬೇಕು, ಅಲ್ವಾ?

ಇರಾನ್ ಈ ಮೂವರಿಗಿಂತ ಹೆಚ್ಚು ಕಾಲ ಹಿಡಿತ ಉಳಿಸಿಕೊಂಡಿದೆ. ಅದರ ಭಯ ಏನು ಅಂತ ತಿಳಿದರೆ ನಡೆಯೂ ತಿಳಿಯುತ್ತದೆ. 1980ರಿಂದ 1988ರವರೆಗೆ ಸದ್ದಾಂ ಹುಸೇನನ ಇರಾಕ್ ಜೊತೆ ನಡೆದ ಯುದ್ಧದಲ್ಲಿ ಇರಾನಿನ ಒಂದು ತಲೆಮಾರೇ ಹೋಯಿತು. ಇರಾಕ್ ಮತ್ತೆ ಬಲವಾಗಬಾರದು, ಹಾಗಂತ ಪೂರ್ತಿ ಕುಸಿದು ಬೆಂಕಿ ತನ್ನ ಗಡಿಗೂ ಬರಬಾರದು. ಸದ್ದಾಂ ಬಿದ್ದ ಮೇಲೆ ಇರಾನ್ ತಾನೇ ಬೆಳೆಸಿದ್ದ, ಇರಾಕಿ ಶಿಯಾಗಳ ಬದ್ರ್ ಪಡೆಯವರು ಇರಾಕಿಗೆ ಮರಳಿ ಸರ್ಕಾರದೊಳಗೆ ಸೇರಿದರು. ಅವರ ಎದುರಾಳಿ ಇರಾಕಿನ ಶಿಯಾ ಧರ್ಮಗುರು ಮುಕ್ತದಾ ಅಲ್ ಸದರ್. ಅವರ ಮೆಹದಿ ಸೇನೆಗೂ ಇರಾನಿನಿಂದ ನೆರವು ಹೋಯಿತು. ಸದರ್ ಗುಂಪಿನಿಂದ ಸಿಡಿದುಬಂದ ಅಸೈಬ್ ಅಹ್ಲ್ ಅಲ್ ಹಕ್‌ಗೂ ಹೋಯಿತು. 2008ರ ಮಾರ್ಚ್‌ನಲ್ಲಿ ಇರಾಕ್ ಸರ್ಕಾರಿ ಪಡೆಗಳು ಬಸ್ರಾದಲ್ಲಿ ಮೆಹದಿ ಸೇನೆಯ ಮೇಲೆ ಬಿದ್ದವು. ಎರಡೂ ಕಡೆಯಲ್ಲಿ ಇರಾನಿನ ಸ್ನೇಹಿತರಿದ್ದರು. ಕದನವಿರಾಮ ಆದದ್ದು ಬಾಗ್ದಾದಿನಲ್ಲಿ ಅಲ್ಲ. ಇರಾಕಿನ ನಾಯಕರು ಇರಾನಿನ ಕೋಮ್ ನಗರಕ್ಕೆ ಹೋಗಿ ಇರಾನಿನ ಹೊರದೇಶದ ಕಾರ್ಯಾಚರಣೆ ನೋಡುವ ಕುದ್ಸ್ ಪಡೆಯ ಮುಖ್ಯಸ್ಥ ಕಾಸಿಂ ಸುಲೇಮಾನಿ ಅವರ ಮುಂದೆ ಕೂತು ಮಾತಾಡಿದ ಮೇಲೆ ಆಯಿತು. ಜಗಳವಾಡುವ ಇಬ್ಬರಿಗೂ ಬೆಂಬಲ ಕೊಟ್ಟರೆ ಏನು ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಜಗಳ ಬಿಡಿಸಬಲ್ಲವನು ಅವನೊಬ್ಬನೇ ಆಗುತ್ತಾನೆ.

ಸುಲೇಮಾನಿ ಅವರನ್ನು 2020ರ ಜನವರಿಯಲ್ಲಿ ಬಾಗ್ದಾದ್ ವಿಮಾನ ನಿಲ್ದಾಣದ ಬಳಿ ಅಮೆರಿಕ ಡ್ರೋನಿನಿಂದ ಕೊಂದಿತು. 2022ರ ಆಗಸ್ಟ್‌ನಲ್ಲಿ ಸದರ್ ಬೆಂಬಲಿಗರು ಮತ್ತು ಇರಾನ್ ಪರ ಗುಂಪುಗಳು ಬಾಗ್ದಾದಿನ ನಡುವೆಯೇ ಗುಂಡಿನ ಕಾಳಗ ನಡೆಸಿದವು. ಇನ್ನೊಂದು ಬದಲಾವಣೆಯೂ ನಿಧಾನವಾಗಿ ಆಗಿದೆ. 2016ರಲ್ಲಿ ಇರಾಕ್ ಸಂಸತ್ತು ಕಾನೂನು ಮಾಡಿ ಈ ಗುಂಪುಗಳಲ್ಲಿ ಹೆಚ್ಚಿನವನ್ನು ಸರ್ಕಾರಿ ಪಡೆ ಎಂದು ಒಪ್ಪಿಕೊಂಡಿತು. ಈಗ ಅವರ ಹುಡುಗರ ಸಂಬಳ ಇರಾಕಿನ ಎಣ್ಣೆ ದುಡ್ಡಿನ ಬಜೆಟ್‌ನಿಂದ ಬರುತ್ತದೆ. ನಾಳೆ ಟೆಹರಾನ್ ಮುನಿಸಿಕೊಂಡರೂ ಅದು ನಿಲ್ಲುವುದಿಲ್ಲ.